ನಿಮ್ಮ ಥೆರಪಿಸ್ಟರನ್ನು ನೀವೇ ಆರಿಸಿಕೊಳ್ಳಿ

ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳಾಗಿವೆ. ಆಫೀಸಿನಲ್ಲಿ ಕಾರಣವೇ ಇಲ್ಲದೆ ಕಣ್ಣು ತುಂಬಿ ಬರುತ್ತದೆ. ಗೆಳತಿಯೊಬ್ಬಳು ‘ಯಾರಾದ್ರೂ ಥೆರಪಿಸ್ಟ್‌ನ ನೋಡಬಾರದಾ?’ ಅನ್ನುತ್ತಾಳೆ. ಹಿಂದೆ ಮುಂದೆ ನೋಡಿ, ಕೊನೆಗೊಂದು ರಾತ್ರಿ ಫೋನ್ ಹಿಡಿದು ಹುಡುಕಿದರೆ ಬೆಂಗಳೂರೊಂದರಲ್ಲೇ ಸಾಲುಸಾಲು ಹೆಸರುಗಳು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್, ಮತ್ತೊಬ್ಬರು ಕೌನ್ಸೆಲರ್, ಅವರ ಪಕ್ಕದಲ್ಲೇ ಲೈಫ್ ಕೋಚ್, ಹೀಲರ್. ಒಬ್ಬರ ಫೀಸು ಎಂಟುನೂರು, ಇನ್ನೊಬ್ಬರದು ಎರಡೂವರೆ ಸಾವಿರ. ಸಿಬಿಟಿ, ಡಿಬಿಟಿ, ಇಎಂಡಿಆರ್ ಎಂಬ ಥೆರಪಿ ವಿಧಾನಗಳ ಅಕ್ಷರಗಳು ಬೇರೆ. ಮೊದಲೇ ದಣಿದಿರುವ ಮನಸ್ಸಿಗೆ ಈ ಆಯ್ಕೆಯೇ ಒಂದು ಭಾರ. ಎಷ್ಟೋ ಜನ ಇಲ್ಲಿಗೇ ಫೋನ್ ಪಕ್ಕಕ್ಕಿಟ್ಟು ಮಲಗುತ್ತಾರೆ.

ಮಾನಸಿಕ ಆರೋಗ್ಯದ ಬಗ್ಗೆ ಬರೆಯುವ ನಾವೆಲ್ಲ ಹೆಚ್ಚಾಗಿ ಬರೆಯುವುದು ‘ಜನ ಏನಂದುಕೊಳ್ತಾರೋ’ ಎಂಬ ಅಳುಕಿನ ಬಗ್ಗೆ. ಆ ಅಳುಕನ್ನು ದಾಟಿ ಬಂದವರು ಮುಂದೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಹೇಳುವವರು ಕಡಿಮೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆ ಯಾವುದು ಎಂಬುದರ ಮೇಲೆ, ಶೇ 70ರಿಂದ 92. ಇಷ್ಟೊಂದು ಜನ ಹೊರಗುಳಿದಿರುವಾಗ, ಹೇಗೋ ಧೈರ್ಯ ಮಾಡಿ ಒಳಗೆ ಬಂದವರು ಮೊದಲ ಭೇಟಿಯಲ್ಲೇ ಬೇಸತ್ತು ‘ಥೆರಪಿ ಎಲ್ಲ ನನಗಾಗಲ್ಲ’ ಎಂದು ವಾಪಸಾಗುವುದು ದೊಡ್ಡ ನಷ್ಟ. ಅವರಿಗೆ ಆಗದೇ ಇದ್ದದ್ದು ಬಹುಶಃ ಆ ಒಬ್ಬ ವ್ಯಕ್ತಿ ಮಾತ್ರ.

ಮೊದಲು ಬೋರ್ಡು ಓದುವುದನ್ನು ಕಲಿಯಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ರೋಗ ಪತ್ತೆ ಮಾಡುವುದು, ಮಾತ್ರೆ ಬರೆಯುವುದು ಇವರ ಕೆಲಸ. ಇವರಲ್ಲಿ ಚೆನ್ನಾಗಿ ಥೆರಪಿ ಮಾಡುವವರೂ ಇದ್ದಾರೆ. ಆದರೆ ಹೊರಗೆ ಕ್ಯೂ ನಿಂತಿರುವಾಗ ಒಬ್ಬೊಬ್ಬರಿಗೂ ಒಂದು ಗಂಟೆ ಕೊಡಲು ಅವರಿಗೆ ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರು ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಇರುವ ಎರಡು ವರ್ಷದ ಎಂ.ಫಿಲ್ ಅಥವಾ ಸೈ.ಡಿ. ಮಾಡಿದವರು. ಮಾತ್ರೆ ಕೊಡುವಂತಿಲ್ಲ, ಮಾತೇ ಇವರ ಚಿಕಿತ್ಸೆ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು ಮನೆಯ, ಕುಟುಂಬದ ಸಂಗತಿಗಳನ್ನು ಹಿಡಿದು ಕೆಲಸ ಮಾಡುವುದರಲ್ಲಿ ಪಳಗಿದವರು. ಗಂಡ–ಹೆಂಡತಿ, ಅತ್ತೆ–ಸೊಸೆ, ಕುಡಿತದ ಸಮಸ್ಯೆಗಳಲ್ಲಿ ಇವರ ನೆರವನ್ನು ನಮ್ಮಲ್ಲಿ ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಮಾತ್ರ ಯಾರು ಬೇಕಾದರೂ ಇರಬಹುದು. ಮನೋವಿಜ್ಞಾನದಲ್ಲಿ ಎಂ.ಎ. ಮಾಡಿ ವರ್ಷಗಟ್ಟಲೆ ಹಿರಿಯರ ಮಾರ್ಗದರ್ಶನದಲ್ಲಿ ದುಡಿದವರೂ ಇರಬಹುದು, ವಾರಾಂತ್ಯದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತೂಗುಹಾಕಿದವರೂ ಇರಬಹುದು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. 1992ರ ಕಾಯ್ದೆಯ ಪ್ರಕಾರ ಅದಿಲ್ಲದೆ ಅವರು ವೃತ್ತಿ ನಡೆಸುವಂತಿಲ್ಲ. ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುತ್ತದೆ. ಕೌನ್ಸೆಲರ್‌ಗಳಿಗೆ ಇಂಥ ಕಡ್ಡಾಯ ನೋಂದಣಿ ಬಹುಕಾಲ ಇರಲೇ ಇಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಅವರನ್ನೂ ತನ್ನ ವ್ಯಾಪ್ತಿಗೆ ತಂದಿದೆ, ನಿಜ. ಆದರೆ ಕಾಯ್ದೆ ಪುಸ್ತಕದಿಂದ ಕ್ಲಿನಿಕ್ಕಿನ ಬಾಗಿಲಿಗೆ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ವಿಚಾರಿಸುವ ಹೊಣೆ ನಮ್ಮದೇ.

ಯಾರಿಂದ ಶುರು ಮಾಡುವುದು? ದಿನಗಟ್ಟಲೆ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಹಾಸಿಗೆಯಿಂದ ಏಳಲೇ ಆಗದಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಅಥವಾ ನಿದ್ದೆಯೇ ಬೇಡವೆನಿಸುವಷ್ಟು ವಿಪರೀತ ಹುರುಪು ಬಂದಿದ್ದರೆ ಮೊದಲು ಮನೋವೈದ್ಯರ ಬಳಿ ಹೋಗಿ. ಥೈರಾಯ್ಡ್ ಏರುಪೇರು, ಬಿ12 ಕೊರತೆ ಕೂಡ ಖಿನ್ನತೆಯ ವೇಷದಲ್ಲಿ ಬರುತ್ತವೆ. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದದ್ದಕ್ಕೆ ಬಾಲ್ಯವನ್ನೆಲ್ಲ ಕೆದಕುವ ಅಗತ್ಯವಿಲ್ಲ. ಸಂಬಂಧದ ಬಿರುಕು, ಸಾವಿನ ದುಃಖ, ಕೆಲಸದ ಒತ್ತಡ, ಹಳೆಯ ಗಾಯ, ಆತಂಕ ಇಂಥವಾದರೆ ನೇರವಾಗಿ ಥೆರಪಿಸ್ಟರ, ಅಂದರೆ ಮಾತಿನ ಚಿಕಿತ್ಸೆ ಮಾಡುವವರ, ಬಳಿ ಹೋಗಬಹುದು. ಮಾತ್ರೆ ಬೇಕು ಅನ್ನಿಸಿದರೆ ಒಳ್ಳೆಯ ಥೆರಪಿಸ್ಟರು ತಾವೇ ಮನೋವೈದ್ಯರ ಹೆಸರು ಕೊಡುತ್ತಾರೆ. ಎರಡೂ ಒಟ್ಟಿಗೆ ನಡೆಯುವುದು ತೀರಾ ಸಾಮಾನ್ಯ.

ಎರಡು ಮೂರು ಹೆಸರು ಗುರುತು ಹಾಕಿಕೊಂಡ ಮೇಲೆ ಅಪಾಯಿಂಟ್‌ಮೆಂಟ್‌ಗೆ ಮುಂಚೆ ಫೋನ್ ಮಾಡಿ. ಖಾಲಿ ಮನೆ ಬಾಡಿಗೆಗೆ ಕೊಡುವಾಗ ಬಂದವರನ್ನು ಹತ್ತು ಪ್ರಶ್ನೆ ಕೇಳುವ ನಾವು, ಬದುಕಿನ ಗುಟ್ಟೆಲ್ಲ ಹೇಳಿಕೊಳ್ಳಲಿರುವವರ ಮುಂದೆ ಬಾಯಿ ಕಟ್ಟಿಕೊಂಡು ಕೂರುತ್ತೇವೆ. ‘ಮೇಡಂ, ನೀವು ಏನು ಓದಿದ್ದೀರಿ? ನಿಮ್ಮ ನೋಂದಣಿ ಸಂಖ್ಯೆ ಹೇಳ್ತೀರಾ? ನನ್ನಂಥ ತೊಂದರೆಯವರ ಜೊತೆ ಕೆಲಸ ಮಾಡಿದ್ದೀರಾ? ನಿಮ್ಮ ಕೆಲಸವನ್ನು ನೋಡಿ ತಿದ್ದುವ ಸೂಪರ್‌ವೈಸರ್ ಇದ್ದಾರಾ? ಒಂದು ಸೆಷನ್ ಎಷ್ಟು ಹೊತ್ತು, ಎಷ್ಟು ಫೀಸು? ಬರಲಾಗದಿದ್ದರೆ ಎಷ್ಟು ಮುಂಚೆ ಹೇಳಬೇಕು?’ ಇಷ್ಟು ಕೇಳಲು ಐದು ನಿಮಿಷ ಸಾಕು. ಸೂಪರ್‌ವಿಷನ್ ಬಗ್ಗೆ ಕೇಳುವುದನ್ನು ಮಾತ್ರ ಬಿಡಬೇಡಿ. ಅನುಭವಸ್ಥ ಥೆರಪಿಸ್ಟರೂ ಕಷ್ಟದ ಪ್ರಕರಣಗಳನ್ನು, ಹೆಸರು ಮರೆಮಾಡಿ, ಹಿರಿಯರೊಬ್ಬರ ಮುಂದೆ ಇಟ್ಟು ಚರ್ಚಿಸುತ್ತಾರೆ. ಈ ಪ್ರಶ್ನೆಗಳಿಗೆ ಸಿಡುಕಿದವರ ಬಳಿ ಹೋಗದಿದ್ದರೇ ಒಳ್ಳೆಯದು. ಫೋನಿನಲ್ಲೇ ಸಿಡುಕುವವರ ಎದುರು ನಾಳೆ ನಿಮ್ಮ ನಾಚಿಕೆಯ ಸಂಗತಿಗಳನ್ನು ಹೇಗೆ ಹೇಳುತ್ತೀರಿ?

ಮೊದಲ ಭೇಟಿ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಸಾಮಾನ್ಯವಾಗಿ ಅದೊಂದು ಸಣ್ಣ ಕೋಣೆ, ಎರಡು ಕುರ್ಚಿ, ಕೈಗೆಟಕುವಂತೆ ಟಿಶ್ಯೂ ಡಬ್ಬಿ. ಗಡಿಯಾರ ನಿಮ್ಮ ತಲೆಯ ಹಿಂದಿನ ಗೋಡೆಯಲ್ಲಿರುತ್ತದೆ. ನಿಮ್ಮ ಮಾತಿನ ನಡುವೆ ಕೈಗಡಿಯಾರ ನೋಡಿಕೊಳ್ಳುವ ಪ್ರಸಂಗ ಬಾರದಿರಲಿ ಎಂದು ಅವರು ಹಾಗೆ ಇಟ್ಟಿರುತ್ತಾರೆ. ಮೊದಲು ಒಂದು ಒಪ್ಪಿಗೆ ಪತ್ರ. ಓದಿ ಸಹಿ ಮಾಡಿ, ಅರ್ಥವಾಗದ್ದನ್ನು ಕೇಳಿ. ಆಮೇಲೆ ಪ್ರಶ್ನೆಗಳು: ಇದು ಯಾವಾಗಿಂದ ಶುರುವಾಯ್ತು, ಮನೆಯಲ್ಲಿ ಯಾರ್‍ಯಾರಿದ್ದಾರೆ, ನಿದ್ದೆ ಹೇಗಿದೆ, ಕುಡಿತ ಸಿಗರೇಟು ಇದೆಯಾ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ನಡುವೆ ಒಂದು ಪ್ರಶ್ನೆ ನೇರವಾಗಿ ಬರುತ್ತದೆ: ‘ಸಾಯಬೇಕು ಅನ್ನಿಸಿದ್ದುಂಟಾ?’ ಗಾಬರಿಯಾಗಬೇಡಿ. ನಿಮ್ಮನ್ನು ಏನೋ ಎಂದುಕೊಂಡು ಕೇಳುವುದಲ್ಲ, ಎಲ್ಲರನ್ನೂ ಕೇಳುತ್ತಾರೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದೂ ಇಲ್ಲ. ನಲವತ್ತೈದು ನಿಮಿಷವೋ ಒಂದು ಗಂಟೆಯೋ ಆದ ಮೇಲೆ, ಮಾತು ಇನ್ನೂ ಬಾಕಿ ಇರುವಾಗಲೇ ಸಮಯ ಮುಗಿಯುತ್ತದೆ. ಮೊದಲ ಸಲ ಇದು ಒರಟೆನಿಸಬಹುದು.

ಹೊರಗೆ ಬಂದ ಮೇಲೆ ಹಗುರಾಗಿರಬೇಕು ಎಂಬ ನಿಯಮವಿಲ್ಲ. ಮುಚ್ಚಿಟ್ಟದ್ದನ್ನು ಬಿಚ್ಚಿದ ದಿನ ಕೆಲವರು ಮನೆಗೆ ಹೋಗಿ ಅತ್ತು ಮಲಗುತ್ತಾರೆ. ನೋಡಿಕೊಳ್ಳಬೇಕಾದದ್ದು ಬೇರೆ. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡರಾ? ತಪ್ಪು ತಿಳಿದಾಗ ‘ಹಾಗಲ್ಲ’ ಎಂದು ತಿದ್ದಲು ಆಯಿತಾ? ತಿದ್ದಿದಾಗ ಅವರು ತಿದ್ದಿಕೊಂಡರಾ? ನನ್ನ ಪ್ರಕಾರ ಈ ಕೊನೆಯ ಪ್ರಶ್ನೆಯೇ ಪರೀಕ್ಷೆ. ಗೋಡೆಯ ಮೇಲಿನ ಪದವಿ, ಊರಲ್ಲಿರುವ ಹೆಸರು, ಅಂತರ್ಜಾಲದ ಐದು ನಕ್ಷತ್ರ ಯಾವುದೂ ಇದಕ್ಕೆ ಉತ್ತರ ಕೊಡಲಾರವು.

ಇದು ಬರಿಯ ಅಭಿಪ್ರಾಯವೇನೂ ಅಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ, ಥೆರಪಿ ಯಾವ ಪಂಥದ್ದೇ ಆಗಿರಲಿ, ಅದರ ಕೆಲಸ ನಡೆಯುವುದು ಇಬ್ಬರ ನಡುವಿನ ಒಡಂಬಡಿಕೆಯ ಮೇಲೆ ಎಂದು ವಾದಿಸಿದರು. ಅದರಲ್ಲಿ ಮೂರು ಸಂಗತಿ ಸೇರಿವೆ: ಎಲ್ಲಿಗೆ ತಲುಪಬೇಕು ಎಂಬುದರಲ್ಲಿ ಒಮ್ಮತ, ಅದಕ್ಕೇನು ಮಾಡಬೇಕು ಎಂಬುದರಲ್ಲಿ ಒಮ್ಮತ, ಮತ್ತು ನಂಬಿಕೆಯ ನಂಟು. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೂ ಈ ಬಾಂಧವ್ಯ ಗಟ್ಟಿಯಿದ್ದಲ್ಲಿ ಫಲಿತಾಂಶ ಉತ್ತಮ ಎಂದಿತು. ಪರಿಣಾಮ ಅಗಾಧವೇನಲ್ಲ, ಆದರೆ ದೇಶ, ಕಾಯಿಲೆ, ವಿಧಾನ ಬದಲಾದರೂ ಅದು ಮತ್ತೆ ಮತ್ತೆ ಕಂಡಿತು. ವಿಧಾನ ಲೆಕ್ಕಕ್ಕಿಲ್ಲ ಎಂದು ಇದರ ಅರ್ಥವಲ್ಲ. ಗೀಳು ಕಾಯಿಲೆಗೆ, ಪ್ಯಾನಿಕ್‌ಗೆ ನಿರ್ದಿಷ್ಟ ವಿಧಾನಗಳಿವೆ. ಅವುಗಳಲ್ಲಿ ತರಬೇತಿ ಇರುವವರನ್ನೇ ಹುಡುಕಬೇಕು.

ಬಾಂಧವ್ಯದ ಮಾತಿಗೆ ನಮ್ಮಲ್ಲೊಂದು ತೊಡಕಿದೆ. ಡಾಕ್ಟ್ರು ಹೇಳಿದ ಮೇಲೆ ಮುಗೀತು ಎಂದು ಬೆಳೆದವರು ನಾವು. ಎದುರು ಕೂತವರು ಹಿರಿಯರು, ಓದಿದವರು. ಅವರಿಗೆ ‘ನಿಮ್ಮ ಮಾತು ನನಗೆ ಸರಿ ಅನ್ನಿಸ್ತಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ. ಬೆಂಗಳೂರಿನ ಅಂದಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ, ಈಗಿನ ನಿಮ್ಹಾನ್ಸ್‌ನ, ಎನ್.ಸಿ. ಸೂರ್ಯ ಅವರು ಎಸ್.ಎಸ್. ಜಯರಾಮ್ ಜೊತೆ ಸೇರಿ 1964ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ನಮ್ಮ ರೋಗಿಗಳು ಒಳಮನಸ್ಸಿನ ವಿವರಣೆಗಿಂತ ಕಷ್ಟಕಾಲದ ನೇರ ಆಸರೆಯನ್ನು ಬಯಸುತ್ತಾರೆ, ಚಿಕಿತ್ಸಕರನ್ನು ಮುಕ್ತವಾಗಿ ಅವಲಂಬಿಸುತ್ತಾರೆ ಎಂಬುದು ಅವರು ಕಂಡದ್ದು. ಒಂಬತ್ತು ವರ್ಷದ ನಂತರ ಮನೋವೈದ್ಯ ಜೆ.ಎಸ್. ನೇಕಿ, ಭಾರತದ ಥೆರಪಿಗೆ ಗುರು–ಶಿಷ್ಯ ಸಂಬಂಧವೇ ಮಾದರಿಯಾಗಬಹುದು ಎಂದು ಪ್ರತಿಪಾದಿಸಿದರು.

ನೇಕಿಯವರ ಮಾತಿನಲ್ಲಿ ಹುರುಳಿದೆ. ಹಿರಿಯರೊಬ್ಬರು ‘ಹೀಗೆ ಮಾಡು’ ಎಂದಾಗ ಸಿಗುವ ನೆಮ್ಮದಿ ನಮಗೆ ನಿಜವಾದ ನೆಮ್ಮದಿಯೇ. ಬರೀ ತಲೆಯಾಡಿಸುತ್ತ ‘ನಿಮಗೇನನ್ನಿಸುತ್ತೆ?’ ಎಂದಷ್ಟೇ ಕೇಳುವ ಥೆರಪಿಸ್ಟರ ಮುಂದೆ ಬಹಳ ಜನ ಒಂಟಿಯಾಗುತ್ತಾರೆ. ಸಲಹೆ ಬೇಕಿದ್ದರೆ ಬೇಕು ಎಂದು ಹೇಳಿ, ಕೇಳುವುದು ತಪ್ಪಲ್ಲ. ಆದರೂ ಶಿಷ್ಯನಾಗಿ ಕೂತವನು ಗುರುವನ್ನು ಬಿಟ್ಟು ಹೋಗಲು ಹಿಂಜರಿಯುತ್ತಾನಲ್ಲ, ಆ ಅಪಾಯವನ್ನು ಮರೆಯಬಾರದು. ಮೊದಲ ದಿನವೇ ‘ಗಂಡನ್ನ ಬಿಟ್ಟುಬಿಡಿ’ ಎನ್ನುವವರೂ ‘ಹೆಣ್ಣುಮಕ್ಕಳು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು’ ಎನ್ನುವವರೂ ನಿಮ್ಮ ಬದುಕಿನ ತೀರ್ಮಾನವನ್ನು ನಿಮ್ಮ ಕೈಯಿಂದ ಕಿತ್ತುಕೊಂಡವರೇ. ಎರಡನೆಯ ಮಾತನ್ನು ನೆಂಟರಿಷ್ಟರಿಂದ ಪುಕ್ಕಟೆಯಾಗಿ ಕೇಳಿದ್ದಾಗಿದೆ. ಅದಕ್ಕೆ ಫೀಸು ಕೊಡುವುದು ಬೇಡ.

ಇನ್ನೂ ಕೆಲವು ಗೆರೆಗಳನ್ನು ಯಾವ ಥೆರಪಿಸ್ಟರೂ ದಾಟುವಂತಿಲ್ಲ. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ ನೋಡಿದವರಿಗೆ ಮನೋವೈದ್ಯನೊಬ್ಬ ತಾನು ಚಿಕಿತ್ಸೆ ಕೊಟ್ಟ ಹೆಣ್ಣನ್ನೇ ಪ್ರೀತಿಸಿ ಕೊನೆಗೆ ಬುದ್ಧಿಭ್ರಮಣೆಗೆ ಒಳಗಾಗುವ ಕಥೆ ನೆನಪಿರಬಹುದು. ಸಿನಿಮಾವಾಗಿ ಅದು ಕಾಡುತ್ತದೆ. ಕ್ಲಿನಿಕ್ಕಿನಲ್ಲಿ ಅದು ನಡೆದರೆ ವೃತ್ತಿದ್ರೋಹ. ಪ್ರೇಮ, ಸ್ಪರ್ಶ, ಸಾಲ, ವ್ಯಾಪಾರ, ಮನೆಗೆ ಕರೆಯುವುದು, ಬೇರೆ ರೋಗಿಗಳ ಕಥೆಯನ್ನು ಹೆಸರು ಹಿಡಿದು ಹೇಳುವುದು: ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ. ಸಲಿಂಗಿಗಳನ್ನು ‘ಸರಿಮಾಡುತ್ತೇನೆ’ ಎನ್ನುವವರಿಂದಲೂ ದೂರವಿರಿ. ಅಂಥ ಕನ್ವರ್ಷನ್ ಥೆರಪಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ ಎಂದು ಸಾರಿದೆ. ಜಾತಿಯ ಅವಮಾನವನ್ನೋ ಮನೆಯೊಳಗಿನ ಹಿಂಸೆಯನ್ನೋ ಹೇಳಿಕೊಂಡಾಗ ‘ನೀವು ಜಾಸ್ತಿ ಯೋಚನೆ ಮಾಡ್ತೀರಿ’ ಎಂದು ತಳ್ಳಿಹಾಕುವವರೂ ನಿಮ್ಮ ಪಾಲಿಗೆ ಸರಿಯಾದವರಲ್ಲ.

ಭಾಷೆಯ ಪ್ರಶ್ನೆಯನ್ನು ಫೀಸಿನಷ್ಟೇ ಮುಖ್ಯವಾಗಿ ಪರಿಗಣಿಸಿ. ದಿನವಿಡೀ ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸುವ ಹುಡುಗನೂ ಅಪ್ಪನ ಜೊತೆ ಜಗಳವಾಡಿದ್ದು ಹಾಸನದ ಕನ್ನಡದಲ್ಲೋ ಕಲಬುರ್ಗಿಯ ಕನ್ನಡದಲ್ಲೋ. ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಘಟನೆ ಬರುತ್ತದೆ, ನೋವು ಬರುವುದಿಲ್ಲ. ನಮ್ಮ ಥೆರಪಿಸ್ಟರ ಓದು ಬಹುಪಾಲು ಇಂಗ್ಲಿಷಿನದು, ಮನೆಗೆ ಕೊಡುವ ಅಭ್ಯಾಸದ ಹಾಳೆಗಳೂ ಇಂಗ್ಲಿಷಿನವೇ. ಕನ್ನಡದಲ್ಲಿ ಪೂರ್ತಿ ಸೆಷನ್ ನಡೆಸುತ್ತೀರಾ, ಹಾಳೆ ಕನ್ನಡದಲ್ಲಿ ಸಿಗುತ್ತಾ ಎಂದು ಮೊದಲೇ ಕೇಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಕಟ್ಟಳೆ: ಅಲ್ಲಿ ಥೆರಪಿಸ್ಟರ ಪರವಾನಗಿ ರಾಜ್ಯವಾರು. ಬೆಂಗಳೂರಿನವರಿಗೆ ಅದು ಇಲ್ಲದಿರಬಹುದು. ಹಾಗಾಗಿ ಅವರ ಜೊತೆ ವಿಡಿಯೊದಲ್ಲಿ ಮಾತಾಡುವ ಮುನ್ನ ಅದನ್ನು ವಿಚಾರಿಸಿ, ತುರ್ತು ಬಿದ್ದರೆ ಸ್ಥಳೀಯವಾಗಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಗೊತ್ತುಮಾಡಿಕೊಂಡಿರಬೇಕು.

ಚಿಕ್ಕ ಊರಿನಲ್ಲಿ ಭಯ ಬೇರೆ ಬಗೆಯದು. ಕ್ಲಿನಿಕ್ಕಿನ ಮುಂದೆ ಸ್ಕೂಟರ್ ನಿಂತರೆ ಸಂಜೆಗೆ ಬೀದಿಗೆಲ್ಲ ಸುದ್ದಿ. ಗೋಪ್ಯತೆ ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನೀವು ವಯಸ್ಕರಾಗಿದ್ದರೆ ಫೀಸು ಕಟ್ಟುವ ಅಪ್ಪನಿಗೂ ನಿಮ್ಮ ಒಪ್ಪಿಗೆಯಿಲ್ಲದೆ ವಿಷಯ ಹೇಳುವಂತಿಲ್ಲ. ಇದಕ್ಕೆ ಹೊರತಾದ ಸಂದರ್ಭಗಳಿವೆ: ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರಂತೂ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು. ಒಳ್ಳೆಯ ಥೆರಪಿಸ್ಟರು ಇದನ್ನು ಮೊದಲ ಹತ್ತು ನಿಮಿಷದಲ್ಲೇ ತಿಳಿಸುತ್ತಾರೆ. ಮನೆಮಂದಿಗೆ ಪರಿಚಯವಿರುವವರ ಬಳಿ, ‘ನಮ್ಮೋರೇ’ ಎಂಬ ಕಾರಣಕ್ಕೆ, ಹೋಗಬೇಡಿ. ಆನ್‌ಲೈನ್ ಆರಿಸಿದರೆ ಮಾತಾಡಲು ಜಾಗ ಮೊದಲು ಹುಡುಕಿ: ಟೆರೇಸು, ನಿಲ್ಲಿಸಿದ ಕಾರು, ಗೆಳೆಯರ ಕೋಣೆ, ಎಲ್ಲಾದರೂ ಸರಿ, ಗೋಡೆಯಾಚೆ ಕಿವಿ ಇರಬಾರದು.

ದುಡ್ಡಿನ ಮಾತೂ ಆಡಬೇಕು. ವಾರಕ್ಕೊಂದು ಭೇಟಿ, ಸಾವಿರದ ಮೇಲೆ ಫೀಸು ಎಂದರೆ ಮಧ್ಯಮ ವರ್ಗದ ಮನೆಗೂ ಹೊರೆಯೇ. ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕೆಂದು 2017ರ ಕಾಯ್ದೆ ಹೇಳಿದರೂ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರಷ್ಟೇ ಹಣ ಕೊಡುತ್ತವೆ. ಹಾಗಾಗಿ ಸರ್ಕಾರಿ ದಾರಿಯನ್ನು ಕೀಳಾಗಿ ಕಾಣಬೇಡಿ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ನುರಿತ ತಂಡಗಳಿವೆ. ಕಾಯಬೇಕಾಗುತ್ತದೆ, ತರಬೇತಿಯಲ್ಲಿರುವ ಕಿರಿಯರು ನಿಮ್ಮನ್ನು ನೋಡಬಹುದು, ಆದರೆ ಅವರ ಬೆನ್ನಿಗೆ ಹಿರಿಯರ ಕಣ್ಣಿರುತ್ತದೆ. ಎಷ್ಟೋ ಖಾಸಗಿ ಕ್ಲಿನಿಕ್ಕಿನಲ್ಲಿ ಅದು ಸಿಗುವುದಿಲ್ಲ. ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ 1980ರ ದಶಕದ ನಮ್ಮ ಬಳ್ಳಾರಿಯಲ್ಲಿ. ಈಗ ಜಿಲ್ಲಾಸ್ಪತ್ರೆಗಳಲ್ಲಿ ಅದರ ತಂಡಗಳಿವೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಅಲ್ಲಿ ಸಿಗುವುದು ಹೆಚ್ಚಾಗಿ ಮಾತ್ರೆ, ನಿಧಾನವಾಗಿ ಮಾತಾಡುವ ಪುರಸೊತ್ತು ಕಡಿಮೆ ಎಂಬುದು ನಿಜ. ಆದರೆ ಶುರು ಮಾಡಲು ಅದೊಂದು ಬಾಗಿಲು. ನಿಮ್ಹಾನ್ಸ್‌ನಿಂದ ನಿವೃತ್ತರಾದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನಲ್ಲಿ ಕಟ್ಟಿದ ‘ಸಮಾಧಾನ’ ಉಚಿತ ಸಲಹಾ ಕೇಂದ್ರ, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಅವರು ಬರೆದ ರಾಶಿ ಪುಸ್ತಕಗಳು ಇನ್ನೊಂದು ಬಾಗಿಲು. ಖಾಸಗಿಯವರಲ್ಲೂ ಹಲವರು ವಿದ್ಯಾರ್ಥಿಗಳಿಗೆ, ಕಷ್ಟದಲ್ಲಿರುವವರಿಗೆ ಫೀಸು ಇಳಿಸುತ್ತಾರೆ. ಕೇಳಲು ಸಂಕೋಚ ಬೇಡ.

ಎಷ್ಟು ದಿನ ಕಾದು ನೋಡುವುದು? ಮೇಲೆ ಹೇಳಿದ ಗೆರೆ ದಾಟಿದವರನ್ನು ಒಂದು ಕ್ಷಣವೂ ಸಹಿಸಬೇಡಿ. ಉಳಿದಂತೆ ಮೂರು ನಾಲ್ಕು ಭೇಟಿ ಕೊಟ್ಟು ನೋಡಿ. ಎರಡು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ, 1986ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಎಂಟು ಭೇಟಿಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಸುಧಾರಣೆ ಕಂಡಿತ್ತು. ಉಳಿದವರಲ್ಲಿ ಅನೇಕರಿಗೆ ಹೆಚ್ಚು ಕಾಲ ಬೇಕಾಯಿತು. ಏನೂ ಬದಲಾಗುತ್ತಿಲ್ಲ ಅನ್ನಿಸಿದರೆ ಫೋನ್ ಎತ್ತದೆ ಮಾಯವಾಗುವ ಬದಲು ಅವರಿಗೇ ಹೇಳಿ ನೋಡಿ: ‘ಇದು ನನಗೆ ಸಹಾಯ ಆಗ್ತಿದೆ ಅನ್ನಿಸ್ತಿಲ್ಲ.’ ಎಷ್ಟೋ ಸಲ ಥೆರಪಿ ನಿಜವಾಗಿ ಶುರುವಾಗುವುದು ಈ ಮಾತಿನಿಂದಲೇ. ಅವರು ನೊಂದುಕೊಳ್ಳದೆ ವಿಧಾನ ಬದಲಿಸಬಹುದು, ಅಥವಾ ತಮಗಿಂತ ಸೂಕ್ತರಾದ ಇನ್ನೊಬ್ಬರ ಹೆಸರು ಕೊಡಬಹುದು. ಬಿಡುವುದೇ ಎಂದಾದರೆ ಎರಡು ಸಾಲಿನ ಸಂದೇಶ ಸಾಕು, ಕಾರಣ ಕೊಡಬೇಕಿಲ್ಲ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕೂ ನಿಮಗಿದೆ. ಮುಂದಿನವರ ಬಳಿ ಎಲ್ಲವನ್ನೂ ಮೊದಲಿಂದ ಹೇಳುವ ಕಷ್ಟ ಅಷ್ಟು ಕಡಿಮೆಯಾಗುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಇಷ್ಟೆಲ್ಲ ಹೇಳಿದ್ದು ಆರಿಸಿಕೊಳ್ಳಲು ಸಮಯ ಇರುವವರಿಗೆ. ಸಾಯುವ ಯೋಚನೆ ಬಿಡದೆ ಕಾಡುತ್ತಿದ್ದರೆ ಪದವಿ, ಫೀಸು, ಭಾಷೆ ಎಂದು ಹುಡುಕುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ 2017ರ ಕಾಯ್ದೆ ಭಾವಿಸುತ್ತದೆ, ಶಿಕ್ಷಿಸಬಾರದು ಎನ್ನುತ್ತದೆ. ಕೇಸಿನ ಭಯಕ್ಕೆ ಯಾರನ್ನೂ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಹೊರಗೆ ಹೋಗುವ ಸ್ಥಿತಿಯಲ್ಲಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.